ಸೈಪ್ರೆಸ್ ಅಂಕಲ್ ಬರೆದ ಗಜದ ಪಟ್ಟಿ

ಹೋದ ಶನಿವಾರ ಗ್ಯಾರೇಜು ಗುಡಿಸುತ್ತಿದ್ದಾಗ ಕಪಾಟಿನ ಹಿಂದಿನಿಂದ ಹೆಬ್ಬೆರಳು ಗಾತ್ರದ ಮೇಣದ ಕಡ್ಡಿಯೊಂದು ಉರುಳಿಕೊಂಡು ಬಂತು. ಬಿಲ್ಲಿನ ಹೆದೆ ಒಣಗದ ಹಾಗೆ ಸವರುವ ಮೇಣ. ಟೆಕ್ಸಸ್‌ನ ಸೆಖೆಗೆ ಎಷ್ಟು ಸಲ ಕರಗಿ ಎಷ್ಟು ಸಲ ಗಟ್ಟಿಯಾಗಿತ್ತೋ, ಅದರ ರೂಪ ಕೆಟ್ಟುಹೋಗಿತ್ತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ವಾಸನೆ ಮಾತ್ರ ಕೆಟ್ಟಿರಲಿಲ್ಲ. ಪೊರಕೆ ಕೈಯಲ್ಲೇ ಇತ್ತು, ನಾನು ಮಾತ್ರ ರೌಂಡ್ ರಾಕ್‌ನ ನಮ್ಮ ಮನೆಯಲ್ಲಿರಲಿಲ್ಲ. ಎರಡೂವರೆ ಗಂಟೆ ದಾರಿಯಾಚೆ, ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಒಂದು ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದೆ. ಆ ಅಂಗಡಿಯಲ್ಲಿ ಈ ಮೇಣದ ವಾಸನೆಯ ಜೊತೆ ಊದಿನಕಡ್ಡಿಯ ವಾಸನೆ ಬೆರೆತಿರುತ್ತಿತ್ತು. ಬೇಟೆಯ ಸಾಮಾನು ಮಾರುವ ಅಂಗಡಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಊದಿನಕಡ್ಡಿ ಹಚ್ಚುತ್ತಿದ್ದವರು ಈ ರಾಜ್ಯದಲ್ಲಿ ಅವರೊಬ್ಬರೇ ಎಂದು ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಅವರನ್ನು ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಅಂಗಡಿಗೆ ಬರುವ ಟೆಕ್ಸಸ್‌ನ ಬೇಟೆಗಾರರೂ ಅಂಕಲ್ ಎಂದೇ ಕರೆಯುತ್ತಿದ್ದರು. ಅದೇ ಅವರ ಹೆಸರೆಂದು ಬಹಳ ಜನ ನಂಬಿದ್ದರು. ಅವರು ಗದಗದವರು. ಊರಿನಲ್ಲಿದ್ದಾಗ ಮುದ್ರಣ ಯಂತ್ರಗಳ ಮೆಕ್ಯಾನಿಕ್ಕು. ಭಾವಮೈದುನನ ಮಾತು ಕೇಳಿ ಹ್ಯೂಸ್ಟನ್ನಿಗೆ ಬಂದು, ವಯಸ್ಸಾಯಿತೆಂದು ಬಾಗಿಲು ಹಾಕಲು ಹೊರಟಿದ್ದ ಒಬ್ಬ ಬಿಲ್ಲು ವ್ಯಾಪಾರಿಯಿಂದ ಆ ಅಂಗಡಿ ಕೊಂಡಿದ್ದರು. ಕಪಾಟು ಖಾಲಿ ಮಾಡಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಮಾರುವುದು ಅವರ ಯೋಚನೆ. ಸರಕು ಬರುವ ಮೊದಲೇ ಹಳೆಯ ಗಿರಾಕಿಯೊಬ್ಬ ಸಡಿಲವಾದ ಬಿಲ್ಲು ಹಿಡಿದುಕೊಂಡು ಬಂದ. ಯಂತ್ರ ಅಂದಮೇಲೆ ಅಂಕಲ್ ಸುಮ್ಮನಿರುವವರೇ... ಬಿಚ್ಚಿ ನೋಡಿದರು, ಸರಿ ಮಾಡಿದರು. ಮರುದಿನ ಅವನು ಇಬ್ಬರನ್ನು ಕರೆತಂದ. ಜೋಳದ ಹಿಟ್ಟಿನ ಮೂಟೆಗಳು ಆ ಅಂಗಡಿಗೆ ಕೊನೆಗೂ ಬರಲಿಲ್ಲ.

ತಮಾಷೆ ಎಂದರೆ, ಅವರು ಮೊಟ್ಟೆಯನ್ನೂ ಮುಟ್ಟಿದವರಲ್ಲ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಇಂಥವರು ಜಿಂಕೆ ಹೊಡೆಯುವ ಬಿಲ್ಲನ್ನು ಹದ ಮಾಡಿಕೊಡುತ್ತಾರೆಂದು ನಮ್ಮವರಲ್ಲಿ ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಎದುರಿಗೆ ಯಾರೂ ಆಡಲಿಲ್ಲ. ಡಾಲಸ್ ಕಡೆಯಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವರು ಅವರ ಅಂಗಡಿಯ ಮುಂದೆ ಟ್ರಕ್ಕು ನಿಲ್ಲಿಸಿ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗೆಲ್ಲ ಆ ಸಾಲಿನ ಪಕ್ಕದಲ್ಲಿ ಹಾದು, ಬಾಗಿಲು ತಟ್ಟಿ ಸೀದಾ ಒಳಗೆ ಹೋಗಿ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡಿಸುವುದೆಂದರೆ ನನಗೊಂದು ಗತ್ತು.

ನನಗೂ ಬಿಲ್ಲಿಗೂ ಏನು ಸಂಬಂಧ ಎಂದು ಕೇಳಬಹುದು. ಹ್ಯೂಸ್ಟನ್ನಿನಲ್ಲಿ ಓದು ಮುಗಿಸಿ ರೌಂಡ್ ರಾಕ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೇರೆಯವರು ವಿನ್ಯಾಸ ಮಾಡಿದ ಕಂಪ್ಯೂಟರ್ ಚಿಪ್‌ನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಆಫೀಸಿನ ಒಬ್ಬ ಸಹೋದ್ಯೋಗಿ ಬಿಲ್ಲುವಿದ್ಯೆಯ ಹುಚ್ಚು ಹತ್ತಿಸಿದ. ಆಸ್ಟಿನ್ನಿನ ಪಶ್ಚಿಮಕ್ಕೆ ಗುಡ್ಡಗಾಡಿನಲ್ಲಿ ಅವನ ಮನೆಯವರ ಜಮೀನಿತ್ತು, ಜಿಂಕೆ ಯಥೇಚ್ಛ. ನಾನು ಮಂಡ್ಯದವಳು, ಬಾಡೂಟ ಬಿಡುವವಳಲ್ಲ. ತಿನ್ನುವುದೇ ಆದರೆ ಒಂದು ಸಲವಾದರೂ ತಟ್ಟೆಗೆ ಬರುವುದು ಹೇಗೆ ಬರುತ್ತದೆಂದು ನೋಡಬೇಕು ಎಂಬ ಹಟ ಹುಟ್ಟಿತು. ಹಟ ಹುಟ್ಟಿದರೆ ನನ್ನನ್ನು ಹಿಡಿಯುವವರಿಲ್ಲ.

ಹಾಗೆ ಸೈಪ್ರೆಸ್‌ಗೆ ಹೋದದ್ದು ಸೈಟ್ ಕೊಳ್ಳಲು. ಸೈಟ್ ಎಂದರೆ ನಮ್ಮ ಕಡೆಯವರಿಗೆ ಥರ್ಟಿ-ಫಾರ್ಟಿ ನೆನಪಾಗುತ್ತದೆ. ಇದು ಬಿಲ್ಲಿಗೆ ಬಿಗಿಯುವ ಬಳೆಯಂಥ ಒಂದು ಸಾಧನ. ಬಳೆಯೊಳಗೆ ಸೂಜಿಯಂಥ ಪಿನ್, ಅದರ ತುದಿಯಲ್ಲಿ ಹೊಳೆಯುವ ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲೆ ಕೂರಿಸಿ ಬಾಣ ಬಿಡಬೇಕು. ದೂರ ಹೆಚ್ಚಾದಷ್ಟೂ ಬಾಣ ಕೆಳಗೆ ಇಳಿಯುವುದರಿಂದ ಎರಡು ನಮೂನೆ ಮಾಡಿದ್ದಾರೆ. ಒಂದರಲ್ಲಿ ಮೂರೋ ಐದೋ ಪಿನ್ನು ಒಂದರ ಕೆಳಗೊಂದು. ಇಪ್ಪತ್ತು ಗಜಕ್ಕೆ ಮೇಲಿನದು, ಮೂವತ್ತಕ್ಕೆ ಅದರ ಕೆಳಗಿನದು, ಹೀಗೆ. ಇನ್ನೊಂದರಲ್ಲಿ ಒಂದೇ ಪಿನ್, ಪಕ್ಕದಲ್ಲೊಂದು ಚಕ್ರ. ಜಿಂಕೆ ಎಷ್ಟು ದೂರವಿದೆಯೆಂದು ಮೊದಲು ಅಳೆದು, ಅಷ್ಟು ಗಜಕ್ಕೆ ಚಕ್ರ ತಿರುಗಿಸಿಕೊಳ್ಳಬೇಕು. ಚಕ್ರದ ಮೇಲೆ ಅಂಟಿಸುವ ಅಂಕಿಗಳ ಪಟ್ಟಿ ಒಂದು ಬೆರಳು ಉದ್ದವೂ ಇರುವುದಿಲ್ಲ.

ಆ ಪಟ್ಟಿಯಿಂದಲೇ ಅಂಕಲ್ ಹೆಸರಾದದ್ದು. ಉಳಿದ ಅಂಗಡಿಗಳಲ್ಲಿ ಕಂಪನಿಯಿಂದ ಬಂದ ಅಚ್ಚಿನ ಪಟ್ಟಿಗಳಲ್ಲಿ ಹತ್ತಿರದ ಒಂದನ್ನು ಆರಿಸಿ ಅಂಟಿಸುತ್ತಾರೆ. ಇವರು ಹಾಗಲ್ಲ. ಗಿರಾಕಿಯನ್ನು ಅಂಗಡಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಐದೈದು ಗಜಕ್ಕೊಮ್ಮೆ ಬಾಣ ಬಿಡಿಸಿ, ಒಂದೊಂದಕ್ಕೂ ಗುರುತು ಹಾಕಿ, ಆಮೇಲೆ ಕನ್ನಡಕ ಹಣೆಗೇರಿಸಿ ಕೂದಲೆಳೆಯ ಪೆನ್ನಿನಲ್ಲಿ ಆ ಬಿಲ್ಲಿಗೆ, ಆ ತೋಳಿಗೆ ಹೊಂದುವ ಪಟ್ಟಿಯನ್ನು ಕೈಯಲ್ಲೇ ಬರೆಯುತ್ತಿದ್ದರು. ಗದಗದಲ್ಲಿ ಅಚ್ಚಿನ ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಅಲುಗದ ಹಾಗೆ ಕೂರಿಸಿದ ಕೈ ಅದು. ಅಂಕಲ್ ಬರೆದ ಪಟ್ಟಿ ಇದೆ ಎಂದು ಹೇಳಿಕೊಳ್ಳುವುದು ಹ್ಯೂಸ್ಟನ್ ಸುತ್ತಿನ ಬೇಟೆಗಾರರಲ್ಲಿ ದೊಡ್ಡಸ್ತಿಕೆಯ ಮಾತಾಗಿತ್ತು.

ಒಂದು ಪಿನ್ನೋ ಹಲವು ಪಿನ್ನೋ ಎಂದು ಕೇಳಿಕೊಂಡು ಬಂದವರಿಗೆ ಅವರು ಉತ್ತರ ಹೇಳುತ್ತಿರಲಿಲ್ಲ, ಓಡಿಸುತ್ತಿದ್ದರು. ನಿಜವಾಗಿಯೂ ಓಡಿಸುತ್ತಿದ್ದರು. ಪಾರ್ಕಿಂಗ್ ಜಾಗವನ್ನು ಎರಡು ಸುತ್ತು ಓಡಿ ಏದುಸಿರು ಬಿಡುತ್ತ ಒಳಗೆ ಬಂದ ಗಿರಾಕಿಯ ಮುಂದೆ, ಒಂದೊಂದು ದೂರಕ್ಕೆ ಒಂದೊಂದರಂತೆ ಬಣ್ಣದ ಚುಕ್ಕೆಗಳಿದ್ದ ಒಂದು ಹಾಳೆ ಹಿಡಿದು "ಮೂವತ್ತು! ನಲವತ್ತು! ಇಪ್ಪತ್ತು!" ಎಂದು ಇಂಗ್ಲಿಷಿನಲ್ಲಿ ಕೂಗುವರು. ಆತ ತಟ್ಟನೆ ಸರಿಯಾದ ಚುಕ್ಕೆ ಮುಟ್ಟಬೇಕು. ಆಮೇಲೆ ಒಂದು ಚಕ್ರ ಕೊಟ್ಟು ಅದೇ ಕೂಗು. ಬೇಟೆಯ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುವುದು ಹೀಗೆಯೇ ಎಂಬುದು ಅವರ ಲೆಕ್ಕ. ತಲೆ ನೆರೆತ ದೊಡ್ಡ ದೊಡ್ಡ ಬೇಟೆಗಾರರು ಈ ಗದಗದವರ ಮುಂದೆ ಸ್ಕೂಲು ಹುಡುಗರಂತೆ ಬೆವರುವುದನ್ನು ನೋಡುವುದೇ ಒಂದು ಮಜ.

ನನ್ನನ್ನೂ ಓಡಿಸಿದರು. ಚುಕ್ಕೆ ಮುಟ್ಟುವುದರಲ್ಲಿ ನಾನು ಒಂದೂ ತಪ್ಪಲಿಲ್ಲ. ಚಕ್ರದಲ್ಲಿ ಮಾತ್ರ ಎರಡು ಸಲ ಹಿಂದಕ್ಕೆ ತಿರುಗಿಸುವುದು ಮರೆತೆ.

"ಮೂರು ಪಿನ್ ತಗೋ, ತಂಗಿ," ಎಂದರು.

"ಇಲ್ಲ ಅಂಕಲ್, ನನಗೆ ಒಂದೇ ಪಿನ್ ಬೇಕು. ನಾನು ಎಲ್ಲಾ ಕಂಪೇರ್ ಮಾಡಿ ನೋಡಿದೀನಿ. ಒಂದೇ ಪಿನ್ ಇದ್ರೆ ಕಣ್ಣಿಗೆ ಗಲಿಬಿಲಿ ಇರಲ್ಲ, ಎಷ್ಟು ಗಜಕ್ಕೆ ಬೇಕೋ ಅಷ್ಟಕ್ಕೇ ಕರೆಕ್ಟಾಗಿ ಇಟ್ಕೋಬಹುದು."

"ಸೈಟಿನ ಗುಣ ಹೇಳಾಕತ್ತೀ ನೀ. ನಾ ಅದನ್ನ ಕೇಳಲಿಲ್ಲ. ಎಲ್ಲಾರದೂ ಒಂದೊಂದು ತಪ್ಪು ಇರತೈತಿ. ಕೆಲವರು ಗಾಬರಿ ಆದ್ರ ಯಾವ ಪಿನ್ನು ಅನ್ನೋದ ಮರೀತಾರ. ಅವರಿಗೆ ಒಂದ ಪಿನ್ ಕೊಡತೇನಿ. ಕೆಲವರು ತಿರುಗಸೂದ ಮರೀತಾರ. ಅವರಿಗೆ ಮೂರು. ನಿಂದು ತಿರುಗಸೂದ ಮರಿಯೋ ತಪ್ಪು."

ಇಪ್ಪತ್ತೇಳು ವರ್ಷದವಳಿಗೆ ನಿನ್ನ ತಪ್ಪು ಇಂಥದ್ದು ಎಂದು ಮುಖಕ್ಕೆ ಹೇಳಿದರೆ ಹೇಗಿರಬೇಡ! ನಾನು ಜಗ್ಗಲಿಲ್ಲ. ಅವರೂ ಬಹಳ ಎಳೆದಾಡಲಿಲ್ಲ. ಅಭ್ಯಾಸಕ್ಕೆ ಅಂಗಡಿಯದೇ ಒಂದು ಚಕ್ರದ ಸೈಟು ಕೊಟ್ಟು, ಬೇಟೆ ಸೀಸನ್ ಶುರುವಾಗುವುದರೊಳಗೆ ಒಂದು ಸಲವೂ ಚಕ್ರ ಮರೆಯದೆ ಇಪ್ಪತ್ತೊಂದು ಬಾಣಗಳನ್ನು ಒಂದು ಪೂರಿ ಅಗಲದೊಳಗೆ ಹೊಡೆದು ತೋರಿಸಿದರೆ ಒಂದು ಪಿನ್ನಿನದೇ ಕೊಡುತ್ತೇನೆ ಎಂದರು. ಮೂರು ತಿಂಗಳು ಬೆವರು ಹರಿಸಿ ಹೊಡೆದು ತೋರಿಸಿದೆ. ಅವರು ನಕ್ಕು, ಬಯಲಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಅರ್ಧ ದಿನ ಕೂತು ನನ್ನ ಪಟ್ಟಿ ಬರೆದರು. ಕೊಡುವಾಗ ಎಲ್ಲರಿಗೂ ಹೇಳುತ್ತಿದ್ದ ಕರಾರು ನನಗೂ ಹೇಳಿದರು.

"ತಿನ್ನೋರಿಗೆ ನಾ ಬ್ಯಾಡ ಅನ್ನಂಗಿಲ್ಲ. ಆದರ ಬಾಣ ತಾಗಿದ ಪ್ರಾಣೀನ ಹುಡುಕದ ಬಿಟ್ಟು ಬರಬಾರದು. ಸಿಗಲಿಲ್ಲಂದ್ರ ನನಗ ಫೋನ್ ಮಾಡು. ಅಂಗಡಿ ಮುಚ್ಚಿ ಬರತೇನಿ."

ಇದು ಬಾಯಿಮಾತಲ್ಲ. ತಾವು ಹದ ಮಾಡಿದ ಬಿಲ್ಲಿನಿಂದ ಯಾವ ಪ್ರಾಣಿಯೂ ನರಳಬಾರದು. ಆ ಒಂದು ನಿಯಮದ ಮೇಲೆಯೇ ಅವರು ಬೆಳಗಿನ ಪೂಜೆಯನ್ನೂ ಹಗಲಿನ ವ್ಯಾಪಾರವನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು. ಫೋನ್ ಮಾಡಿದವರು ಮಾತ್ರ ಕಡಿಮೆ. ಹೊಡೆದ ಜಿಂಕೆ ಸಿಗಲಿಲ್ಲ ಎಂದು ಯಾವ ಬೇಟೆಗಾರ ಬಾಯಿ ಬಿಟ್ಟು ಹೇಳುತ್ತಾನೆ...

ನಾನು ಮಾಡಿದೆ. ಬಿಲ್ಲಿನ ಬೇಟೆಯ ಸೀಸನ್ ಶುರುವಾದ ಮೊದಲ ಶನಿವಾರವೇ ಮಾಡಿದೆ.

ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. ಸಹೋದ್ಯೋಗಿ ಜಮೀನಿನ ಇನ್ನೊಂದು ಮೂಲೆಯಲ್ಲಿದ್ದ, ನಾನು ಒಂದು ಓಕ್ ಮರದ ಬುಡದಲ್ಲಿ. ಹೆಣ್ಣು ಜಿಂಕೆಯೊಂದು ತಲೆ ತಗ್ಗಿಸಿ ಮೇಯುತ್ತ ಬಂತು. ಹೊಸತಾಗಿ ಕೊಂಡಿದ್ದ ದೂರಮಾಪಕವನ್ನು ಕಣ್ಣಿಗೆ ಹಿಡಿದೆ. ಮೂವತ್ತೆರಡು ಎಂದು ತೋರಿಸಿತು. ಮರೆಯಲಿಲ್ಲ, ಚಕ್ರವನ್ನು ಮೂವತ್ತೆರಡಕ್ಕೆ ತಿರುಗಿಸಿದೆ. ಚುಕ್ಕೆ ಭುಜದ ಹಿಂದೆ ಕೂತಿತು, ಬಾಣ ಬಿಟ್ಟೆ. ಬಾಣ ನಾಲ್ಕು ಬೆರಳು ಕೆಳಗೆ ತಾಗಿತು. ಜಿಂಕೆ ಮುಗ್ಗರಿಸಿತು, ಎದ್ದು ಮೂರು ಕಾಲಿನಲ್ಲಿ ಕುಂಟುತ್ತ ಜುನಿಪರ್ ಪೊದೆಗಳೊಳಗೆ ಹೋಯಿತು. ನಾನು ಸಹೋದ್ಯೋಗಿಯನ್ನು ಕರೆದೆ.

ಸಹೋದ್ಯೋಗಿ ಬಂದು ನೆಲ ನೋಡಿದ. ರಕ್ತ ಬಹಳ ಇರಲಿಲ್ಲ. ಕಾಲಿಗೆ ತಾಗಿರಬೇಕು, ಬದುಕಿಕೊಳ್ಳುತ್ತದೆ, ಬಿಟ್ಟುಬಿಡು ಎಂದು ಸಮಾಧಾನ ಹೇಳಿದ. ಬಿಡಲು ಮನಸ್ಸೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಕೊಟ್ಟ ಮಾತೊಂದು ಇತ್ತಲ್ಲ. ಫೋನ್ ಮಾಡಿದೆ. ಆ ಕಡೆ ಅಂಗಡಿಯ ಗಲಾಟೆ ಕೇಳುತ್ತಿತ್ತು. ವರ್ಷದಲ್ಲೇ ಅತಿ ಹೆಚ್ಚು ಜನ ಬರುವ ದಿನ ಅದು.

"ಎಲ್ಲಿ ತಾಗೈತಿ? ಎಷ್ಟೊತ್ತಾತು?" ಎಂದಷ್ಟೇ ಕೇಳಿದರು. "ಅದರ ಹಿಂದ ಹೋಗಬ್ಯಾಡ. ಬೆನ್ನು ಹತ್ತಿದ್ರ ಮತ್ತೂ ಓಡತೈತಿ. ಅಲ್ಲೇ ಕುಂದರು. ಬಂದೆ."

ಮೂರು ಗಂಟೆಯಲ್ಲಿ ಬಂದರು. ತುಂಬಿದ ಅಂಗಡಿಯ ಬಾಗಿಲು ಹಾಕಿ ಬಂದಿದ್ದರು. ಅಂಗಿ ಜೇಬಿನಲ್ಲಿ ಹಳದಿ ಕಾಗದದ ಚೀಟಿಗಳ ಕಟ್ಟು. ಒಂದು ಹನಿ ರಕ್ತ ಕಂಡಲ್ಲಿ ಒಂದು ಚೀಟಿ ಇಟ್ಟು ಮೇಲೊಂದು ಕಲ್ಲು ಹೇರುವುದು. ಹತ್ತಾರು ಚೀಟಿಯಾದ ಮೇಲೆ ತಿರುಗಿ ನೋಡಿದರೆ ಅದು ಹೋದ ದಾರಿ ಸಾಲಾಗಿ ಕಾಣುತ್ತದೆ, ಆ ಸಾಲಿನ ನೇರಕ್ಕೆ ಮುಂದೆ ಹುಡುಕುವುದು. ಜೀವಮಾನದಲ್ಲಿ ಬೇಟೆಯಾಡದ ಅರವತ್ತು ದಾಟಿದ ಮನುಷ್ಯ, ಸುಣ್ಣಕಲ್ಲಿನ ಆ ಗುಡ್ಡದಲ್ಲಿ ಮಂಡಿಯೂರಿ ಒಂದೊಂದು ಎಲೆ ಮಗುಚಿ ನೋಡುತ್ತ ಹೋದರು. ನನ್ನ ಸಹೋದ್ಯೋಗಿಯ ಕುಟುಂಬ ಮೂರು ತಲೆಮಾರಿನಿಂದ ಬೇಟೆಯಾಡಿದ್ದು. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಅವರ ಹಿಂದೆ ನಡೆದ.

ಇಳಿಹೊತ್ತಿಗೆ ಒಣಗಿದ ಹಳ್ಳದ ಅಂಚಿನಲ್ಲಿ ಅದು ಸಿಕ್ಕಿತು. ಮಲಗಿತ್ತು, ಜೀವ ಇತ್ತು. ಹತ್ತು ಹೆಜ್ಜೆಯಿಂದ ಎರಡನೆಯ ಬಾಣ ಬಿಟ್ಟೆ, ಅಲ್ಲಿಗೆ ಮುಗಿಯಿತು. ಅಂಕಲ್ ಮುಖ ತಿರುಗಿಸಲಿಲ್ಲ. ಎದೆಯ ಮೇಲೆ, ಅಂಗಿಯೊಳಗೆ ಲಿಂಗವಿದ್ದ ಕಡೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತರು. ನಾನು ಅತ್ತೆ.

ಜಿಂಕೆಯನ್ನು ಮೇಲಕ್ಕೆ ಎಳೆದು ತರುವಾಗ ಕಾಲು ಜಾರಿ ಬಿದ್ದೆ. ಬೆನ್ನಿಗಿದ್ದ ಬಿಲ್ಲು ಬಂಡೆಗೆ ಬಡಿದು ಸೈಟು ಬಾಗಿಹೋಯಿತು. ಟ್ರಕ್ಕಿನ ಹತ್ತಿರ ಬಂದ ಮೇಲೆ ಅಂಕಲ್ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ತಿರುಗಿಸಿದ್ದೀಯೇನ, ತಂಗಿ?"

"ತಿರುಗಿಸಿದ್ದೆ ಅಂಕಲ್. ಮೂವತ್ತೆರಡು ಇತ್ತು, ಮೂವತ್ತೆರಡಕ್ಕೇ ಇಟ್ಟಿದ್ದೆ. ಆಣೆಗೂ."

"ಆಣಿ ಯಾಕ? ನೀ ಹೇಳಿದಿ, ಸಾಕು." ಸೈಟನ್ನು ನನ್ನ ಕೈಗೆ ಕೊಟ್ಟು, "ಹಂಗಾರ ಪಟ್ಟಿ ತಪ್ಪೈತಿ. ನನ್ನ ಕೈ ತಪ್ಪೈತಿ," ಎಂದರು.

ಸೈಟು ಬಾಗಿದ್ದರಿಂದ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಹಾಗೂ ಇರಲಿಲ್ಲ. ಇವತ್ತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಮಾತು ಕೇಳಿ ನನಗೆ ಹಗುರವಾಯಿತು. ತಪ್ಪು ನನ್ನದಲ್ಲವಲ್ಲ ಎಂದು.

ಮುಂದಿನ ವಾರದಿಂದ ಅಂಕಲ್ ತಾವು ಪಟ್ಟಿ ಬರೆದುಕೊಟ್ಟ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಒಬ್ಬರದು ತಪ್ಪಿದೆ, ನಿಮ್ಮದೂ ತಪ್ಪಿರಬಹುದು, ತಂದು ತೋರಿಸಿ ಎಂದು. ಡಾಲಸ್ ಪಕ್ಕದ ಪ್ಲೇನೋದಿಂದ ಬಂದರು, ಇನ್ನೂ ಎಲ್ಲೆಲ್ಲಿಂದಲೋ ಬಂದರು. ಪ್ರತಿಯೊಬ್ಬರನ್ನೂ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಮತ್ತೆ ಬಾಣ ಬಿಡಿಸಿ ನೋಡಿದರು. ಎಲ್ಲವೂ ಸರಿಯಾಗಿದ್ದವು. ಎಲ್ಲವೂ ಸರಿ ಇದ್ದಷ್ಟೂ ಅವರಿಗೆ ಕಳವಳ; ನನ್ನದೊಂದೇ ಹೇಗೆ ತಪ್ಪಿತು? ಹೊಸ ಪಟ್ಟಿ ಬರೆಯುವುದನ್ನು ನಿಲ್ಲಿಸಿದರು. ಕೇಳಿ ಬಂದವರಿಗೆ ಅಚ್ಚಿನ ಪಟ್ಟಿ ಅಂಟಿಸಿ ಕಳಿಸುತ್ತಿದ್ದರು. ಅವರ ಹೆಂಡತಿ ಒಂದು ದಿನ ನನಗೆ ಫೋನ್ ಮಾಡಿ, "ಊಟಕ್ಕ ಕುಂತ್ರೂ ಕೈ ನೋಡ್ಕೋತ ಕುಂದರತಾರವ್ವಾ," ಎಂದರು. ಪಾಪ, ಆಂಟಿ ಅದನ್ನು ದೂರಿನಂತೆ ಹೇಳಲಿಲ್ಲ. ನನಗೆ ಮಾತ್ರ ಚುಚ್ಚಿತು.

ಐದು ವಾರವಾಗಿತ್ತು. ಬಿಲ್ಲಿಗೆ ಹೊಸ ಸೈಟು ಹಾಕಿಸಿಕೊಂಡು ಆಸ್ಟಿನ್ನಿನ ಒಂದು ಅಭ್ಯಾಸದ ಬಯಲಿನಲ್ಲಿ ನಿಂತಿದ್ದೆ. ಅಲ್ಲಿ ಒಂದೊಂದು ದೂರಕ್ಕೂ ಇಷ್ಟು ಗಜ ಎಂದು ಬರೆದ ಹಲಗೆ ನೆಟ್ಟಿದ್ದಾರೆ. ಹಾಗಾಗಿ ಅಭ್ಯಾಸಕ್ಕೆ ದೂರಮಾಪಕ ಬೇಕಾಗುತ್ತಲೇ ಇರಲಿಲ್ಲ, ಬೇಟೆಯ ದಿನ ಬಿಟ್ಟರೆ ನಾನು ಅದನ್ನು ಹೊರತೆಗೆದೇ ಇರಲಿಲ್ಲ. ಆ ದಿನ ಬ್ಯಾಗಿನಲ್ಲಿ ಕೈಗೆ ಸಿಕ್ಕಿತೆಂದು ಸುಮ್ಮನೆ ಇಪ್ಪತ್ತು ಗಜದ ಹಲಗೆಯತ್ತ ಹಿಡಿದೆ. ಹದಿನೆಂಟು ಎಂದಿತು. ಮತ್ತೆ ಹಿಡಿದೆ. ಹದಿನೆಂಟು. ಆಗ ನೋಡಿದೆ, ಅಂಕಿಯ ಪಕ್ಕದಲ್ಲಿ ಇರುವೆ ಕಾಲಿನಷ್ಟು ಸಣ್ಣ ಒಂದು ಅಕ್ಷರ. ಎಂ, ಅಂದರೆ ಮೀಟರ್.

ಹಾಗೆ ಇಟ್ಟವಳು ನಾನೇ. ಡಬ್ಬಿ ತೆರೆದ ದಿನ ಗಜವೋ ಮೀಟರೋ ಎಂದು ಅದು ಕೇಳಿತ್ತು, ಯೋಚಿಸದೆ ಮೀಟರ್ ಒತ್ತಿದ್ದೆ. ನಮ್ಮ ಫೋನಿನಲ್ಲಿ ಹವಾಮಾನ ಇಂದಿಗೂ ಸೆಲ್ಷಿಯಸ್ಸಿನಲ್ಲೇ ಇದೆ, ಬಚ್ಚಲುಮನೆಯ ತೂಕದ ಯಂತ್ರ ಕಿಲೋದಲ್ಲೇ ಇದೆ. ಎಷ್ಟು ವರ್ಷ ಇಲ್ಲಿದ್ದರೂ ನಮ್ಮವರು ಮೈಲಿಯೊಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒಗ್ಗಿಲ್ಲ. ಜಿಂಕೆ ಮೂವತ್ತೆರಡು ಮೀಟರ್ ದೂರದಲ್ಲಿತ್ತು. ಅಂದರೆ ಮೂವತ್ತೈದು ಗಜ. ನಾಲ್ಕು ಬೆರಳು ಕೆಳಗೆ ಬಿದ್ದದ್ದು ಸರಿಯಾಗಿಯೇ ಬಿದ್ದಿತ್ತು. ಮೂರು ಪಿನ್ನಿನ ಸೈಟಿದ್ದರೂ ಅಲ್ಲಿಗೇ ಬೀಳುತ್ತಿತ್ತು. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸುವ ನನಗೆ, ಕಣ್ಣಿನ ಮುಂದೆ ಹಿಡಿದುಕೊಂಡ ನನ್ನ ತಪ್ಪು ಕಂಡಿರಲಿಲ್ಲ.

ಬಿಲ್ಲನ್ನು ಹಾಗೇ ಹಿಂದಿನ ಸೀಟಿಗೆ ಎಸೆದು ಸೀದಾ ಸೈಪ್ರೆಸ್‌ಗೆ ಡ್ರೈವ್ ಮಾಡಿದೆ. ದಾರಿಯಲ್ಲಿ ಎರಡು ಸಲ ವಾಪಸು ತಿರುಗೋಣ ಎನ್ನಿಸಿತು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು... ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಅವರೊಬ್ಬರೇ ಕೂತಿದ್ದರು. ದೂರಮಾಪಕವನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಇತ್ತು. ಅವರು ಅದನ್ನು ಕಣ್ಣಿಗೆ ಹಿಡಿದು ಗಾಜಿನ ಬಾಗಿಲಾಚೆಯ ಟ್ರಕ್ಕನ್ನೊಮ್ಮೆ ನೋಡಿದರು.

"ಹಂಗಾರ ನನ್ನ ಪಟ್ಟಿ?"

"ಸರಿಯಾಗಿತ್ತು ಅಂಕಲ್. ಪಟ್ಟಿ ಸರಿಯಾಗೇ ಇತ್ತು."

ಅವರ ಕಣ್ಣು ತುಂಬಿತು. ಆಮೇಲೆ ನಕ್ಕರು, ಎಷ್ಟು ನಕ್ಕರೆಂದರೆ ಹಿಂದಿನ ಕೋಣೆಯಿಂದ ಆಂಟಿ ಬಂದು ಏನಾಯಿತು ಎಂದು ಕೇಳಿದರು. ಏನಿಲ್ಲ, ಚಹಾ ಮಾಡು ಎಂದು ಅವರನ್ನು ಕಳಿಸಿದರು.

"ಈ ತಪ್ಪು ನನ್ನ ಪರೀಕ್ಷಾದಾಗ ಇರಲಿಲ್ಲ ನೋಡು, ತಂಗಿ. ಇನ್ನ ಮ್ಯಾಲ ಇದನ್ನೂ ಕೇಳತೇನಿ."

"ಎಲ್ರಿಗೂ ಹೇಳಿಬಿಡಿ ಅಂಕಲ್. ತಪ್ಪು ನಂದು ಅಂತ, ನನ್ನ ಹೆಸರು ಹೇಳೇ ಹೇಳಿ."

"ಹೇಳತೇನಿ, ಹೇಳತೇನಿ. ಚಹಾ ಕುಡಿ ಮೊದಲ."

ಮರುವಾರದಿಂದ ಪೆನ್ನು ಮತ್ತೆ ಕೈಗೆ ಬಂತೆಂದು ಆಂಟಿಯಿಂದ ತಿಳಿಯಿತು. ಅಲ್ಲಿಂದ ಮುಂದೆ ಅಂಗಡಿಗೆ ಬಂದ ಪ್ರತಿಯೊಬ್ಬರ ದೂರಮಾಪಕವನ್ನೂ ಕೇಳಿ ಪಡೆದು, ಆ ಸಣ್ಣ ಅಕ್ಷರ ನೋಡಿಯೇ ಪಟ್ಟಿ ಬರೆಯುತ್ತಿದ್ದರು. ಇನ್ನೂ ಹತ್ತು ವರ್ಷ ಬರೆದರು. ನಾನು ಪ್ರತಿ ಸೀಸನ್ನಿಗೆ ಮುಂಚೆ ಹೋಗುತ್ತಿದ್ದೆ, ಆಂಟಿಯ ಕೈಯ ರೊಟ್ಟಿ ತಿಂದು ಬರುತ್ತಿದ್ದೆ. ಅವರು ಎಲ್ಲರಿಗೂ ಹೇಳಿದ್ದಾರೆ, ಆ ವಿಷಯ ಮುಗಿಯಿತು ಎಂದೇ ನಂಬಿದ್ದೆ. ಕೇಳಿ ನೋಡಲಿಲ್ಲ. ನಮ್ಮ ತಪ್ಪಿನ ಮಾತನ್ನು ಮತ್ತೆ ಯಾರು ಎತ್ತುತ್ತಾರೆ?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಪೂಜೆಗೆ ಕೂತವರು ಏಳಲಿಲ್ಲ. ಶಿವಗಣಾರಾಧನೆಯ ದಿನ ಹ್ಯೂಸ್ಟನ್ನಿನ ಒಂದು ಹಾಲ್‌ನಲ್ಲಿ ಜನ ಸೇರಿದೆವು. ಒಂದು ಕಡೆ ನಮ್ಮವರು. ಇನ್ನೊಂದು ಕಡೆ ಬೂಟು ಬಾಗಿಲಲ್ಲೇ ಬಿಟ್ಟು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಚಕ್ಕಳಮಕ್ಕಳ ಹಾಕಲು ಒದ್ದಾಡುತ್ತಿದ್ದ ಬೇಟೆಗಾರರು, ಅರವತ್ತು ಎಪ್ಪತ್ತು ಜನ. ಅವರನ್ನು ನೋಡಿ ನನಗೆ ಹೆಮ್ಮೆಯಾಯಿತು. ಹಿಂದೆ ಆಡಿಕೊಂಡಿದ್ದ ನಮ್ಮವರೂ ಅಂದು ಕಣ್ಣರಳಿಸಿ ನೋಡುತ್ತಿದ್ದರು.

ಯಾರಾದರೂ ಎರಡು ಮಾತಾಡಿ ಎಂದಾಗ ಪ್ಲೇನೋದ ಒಬ್ಬ ಮುದುಕರು ಎದ್ದರು. ನಿವೃತ್ತ ಶಾಲಾ ಮಾಸ್ತರು, ಮೊದಲಿನಿಂದಲೂ ಅಂಕಲ್ ಅವರ ಗಿರಾಕಿ. "ಒಂದು ವರ್ಷ ಇವರು ನಮಗೆಲ್ಲ ಫೋನ್ ಮಾಡಿದರು," ಎಂದರು ಇಂಗ್ಲಿಷಿನಲ್ಲಿ. "ಒಂದು ಪಟ್ಟಿ ತಪ್ಪು ಬರೆದಿದ್ದೇನೆ, ಒಂದು ಜಿಂಕೆ ನರಳಿತು ಎಂದರು. ಜೀವನದಲ್ಲಿ ಅದೊಂದೇ ತಪ್ಪು ಬರೆದದ್ದಂತೆ. ಅದನ್ನು ಯಾರೂ ಕೇಳದೆ ತಾವೇ ಹೇಳಿಕೊಂಡರು. ಅದಕ್ಕೇ ನಾನು ಅವರನ್ನು ಕಣ್ಣು ಮುಚ್ಚಿ ನಂಬಿದೆ." ಎಲ್ಲ ಬೇಟೆಗಾರರೂ ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಅಷ್ಟೇ ಗೊತ್ತಿತ್ತು.

ಅಂಕಲ್ ನಿಜವನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಮುಖ ಉಳಿಸಲು, ಹತ್ತು ವರ್ಷ ಆ ತಪ್ಪನ್ನು ತಮ್ಮ ಕೈಗೇ ಅಂಟಿಸಿಕೊಂಡು ಓಡಾಡಿದ್ದರು. ತಮ್ಮ ಕೈಯೆಂದರೆ ಅಷ್ಟು ಅಭಿಮಾನವಿದ್ದ ಮನುಷ್ಯ...

ಸುಮ್ಮನಿರಬಹುದಿತ್ತು. ಮುದುಕರ ಮಾತು ಹೊಗಳಿಕೆಯೇ ಆಗಿತ್ತು, ಯಾರ ಮನಸ್ಸೂ ನೋಯುತ್ತಿರಲಿಲ್ಲ. ನನ್ನ ಗಂಡ ಪಕ್ಕದಲ್ಲೇ ಇದ್ದರು, ಆಫೀಸಿನವರಿದ್ದರು, ನನ್ನನ್ನು ಜಾಣೆ ಎಂದುಕೊಂಡ ಅರ್ಧ ಟೆಕ್ಸಸ್ಸಿನ ಕನ್ನಡದವರಿದ್ದರು. ಎದ್ದು ನಿಂತೆ. ಆ ಪಟ್ಟಿ ತಪ್ಪಿರಲಿಲ್ಲ, ಗಜದ ಪಟ್ಟಿಗೆ ಮೀಟರಿನಲ್ಲಿ ಅಳೆದವಳು ನಾನು, ಐದು ವಾರ ಅವರು ನೊಂದದ್ದು ನನ್ನಿಂದ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಆಂಟಿಗೆ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳುವುದು ಹೆಚ್ಚು ಕಷ್ಟವಾಯಿತು.

ಆಂಟಿ ಅಷ್ಟು ಹೊತ್ತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವರು ತಲೆ ಎತ್ತಿದರು. ಗಂಡ ಅವರಿಗೂ ಹೇಳಿರಲಿಲ್ಲ.

"ಹಂಗಾರ ಅವರು ಬರದದ್ದು ಒಂದೂ ತಪ್ಪಿರಲಿಲ್ಲೇನ?"

"ಒಂದೂ ಇಲ್ಲ, ಆಂಟಿ."

ಆಂಟಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಎದುರಿಗಿದ್ದ ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ನೋಡಿದರು.

ಆ ಅಂಗಡಿ ಈಗಿಲ್ಲ, ಅಲ್ಲಿ ಯಾರೋ ಹಲ್ಲಿನ ಡಾಕ್ಟರು ಬಂದಿದ್ದಾರೆ. ಆಂಟಿ ಮಗಳ ಮನೆಗೆ ಡಾಲಸ್ ಕಡೆ ಶಿಫ್ಟ್ ಆದರು. ಮೊನ್ನೆ ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳು, ಒಂದು ಪಿನ್ ಒಳ್ಳೆಯದೋ ಮೂರು ಪಿನ್ನೋ ಎಂದು ಕೇಳಿದಳು. ಸೈಪ್ರೆಸ್‌ಗೆ ಹೋಗಿ ಕೇಳು ಎನ್ನಲು ಬಾಯಿ ತೆರೆದೆ, ಆಮೇಲೆ ನೆನಪಾಯಿತು. ಆ ದಿನ ಹಾಲ್‌ನಲ್ಲಿ ಎದ್ದು ನಿಂತದ್ದಕ್ಕೆ ಎಷ್ಟೋ ಜನ ನನ್ನ ಬೆನ್ನು ತಟ್ಟಿದರು, ನನಗೂ ಹೆಮ್ಮೆಯಿದೆ. ಆದರೆ ಅವರ ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದನ್ನು ಅಷ್ಟು ಜನರ ಎದುರು ಅಂಕಲ್ ಬದುಕಿದ್ದಾಗಲೇ ಕಿವಿಯಾರೆ ಕೇಳಬೇಕಿತ್ತು. ಹತ್ತು ವರ್ಷ ಸಮಯವಿತ್ತು, ನಾನು ಹೇಳಲಿಲ್ಲ.